ಅಡಿಕೆ ಒಣಗುವ ಕಾಲಕ್ಕೆ ಅಂಟಿಸಿದ ಗಿಟಾರು

ನಮ್ಮ ತೋಟದ ಅಂಚಿನಲ್ಲಿದ್ದ ಹಲಸಿನ ಮರ ಒಂದು ಮಳೆಗಾಲದ ಗಾಳಿಗೆ ಬುಡಸಮೇತ ಮಗುಚಿತು. ಮನೆಯವರೆಲ್ಲ ಬಾಗಿಲು, ಕಿಟಕಿಯ ಲೆಕ್ಕ ಹಾಕುತ್ತಿದ್ದರು. ನನಗೆ ಮೂರೂವರೆ ಅಡಿಯ ಒಂದು ತುಂಡು ಬೇಕು ಎಂದೆ. ವೀಣೆಗೆ ಹಲಸು ಬೇಕು, ಮೃದಂಗಕ್ಕೂ ಹಲಸೇ ಬೇಕು. ಹಾಗಿದ್ದ ಮೇಲೆ ಗಿಟಾರಿಗೆ ಯಾಕೆ ಆಗಬಾರದು, ಅಲ್ವಾ?

ಸಾಮಿಲ್ಲಿನಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಸೀಳಿಸಿದೆ. ಹೀಗೆ ಸೀಳಿದ ಹಲಗೆ ಒಣಗುವಾಗ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಆಮೇಲೆ ನಾಲ್ಕು ವರ್ಷ ಅಟ್ಟದ ಮೇಲೆ. ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಅರಿಶಿನದಷ್ಟು ಹಳದಿ. ತೋಪಡ ಹೊಡೆದ ದಿನ ಅಂಗೈ, ಅಂಗಿ ಎಲ್ಲ ಹಳದಿಯಾಗಿತ್ತು. ಬೌದ್ಧ ಭಿಕ್ಷುಗಳ ಬಟ್ಟೆಗೆ ಇದರ ಚಕ್ಕೆ ಕುದಿಸಿ ಬಣ್ಣ ಹಾಕುವುದೂ ಇತ್ತು. ಬೆಳಕಿಗೆ ಇಟ್ಟರೆ ಈ ಹಳದಿ ನಿಧಾನಕ್ಕೆ ಕಂದಾಗುತ್ತದೆ.

ಕುತ್ತಿಗೆಗೆ ಹೆಬ್ಬಲಸು. ಬೆರಳಾಡುವ ಹಲಗೆಗೆ ಮತ್ತಿ. ಎಲ್ಲರೂ ಬೀಟೆ ಹುಡುಕುತ್ತಾರೆ, ಮತ್ತಿಯನ್ನು ಕೇಳುವವರು ಕಡಿಮೆ. ಆದರೆ ಸ್ಕ್ವಾಯರ್ ಕಂಪನಿಯ ಗಿಟಾರುಗಳಲ್ಲಿ ಇಂಡಿಯನ್ ಲಾರೆಲ್ ಎಂಬ ಹೆಸರಲ್ಲಿ ಬರುವುದು ಇದೇ ಮರ. ಗಟ್ಟಿ, ಕಪ್ಪುಗೆರೆಯ ಚಂದದ ಮರ. ಮುಂಭಾಗಕ್ಕೆ ಮಾತ್ರ ಪೈನ್ ಬಳಗದ ಸ್ಪ್ರೂಸ್ ಮರ ತರಿಸಿದೆ. ಸ್ಪೇನಿನ ಆಂಟೋನಿಯೋ ಡಿ ಟೋರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಲ್ಲಿ ಮಾಡಿ ಒಂದು ಗಿಟಾರು ಕಟ್ಟಿದ್ದ. ನಾದ ಹುಟ್ಟುವುದು ಮುಖ್ಯವಾಗಿ ಮುಂಭಾಗದಿಂದ ಎಂದು ತೋರಿಸಲು. ಅದನ್ನು ಓದಿದ ಮೇಲೆ ಬೆನ್ನು, ಪಕ್ಕಕ್ಕೆ ನಮ್ಮೂರ ಮರ ಹಾಕಲು ನನಗೆ ಧೈರ್ಯ ಬಂತು.

ಪಕ್ಕದ ಹಲಗೆ ಬಗ್ಗಿಸುವಾಗ ಹಲಸು ಸತಾಯಿಸಿತು. 2.2 ಮಿಮೀಗೆ ಇಳಿಸಿ, ನೀರಲ್ಲಿ ನೆನೆಸಿ, ಒಳಗೆ ಬೆಂಕಿ ಹಾಕಿದ ಕಬ್ಬಿಣದ ಪೈಪಿನ ಮೇಲೆ ಒತ್ತಬೇಕು. ಪೈಪಿಗೆ ನೀರು ಚಿಮುಕಿಸಿದರೆ ಹನಿ ಕುಣಿದು ಹಾರಬೇಕು, ಅಷ್ಟು ಬಿಸಿ. ಹಲಸಿನ ಎಳೆ ಒಂದೇ ಕಡೆ ಓಡುವುದಿಲ್ಲ. ಸೊಂಟದ ತಿರುವಿನಲ್ಲಿ ಎರಡು ಹಲಗೆ ಲಟಕ್ಕನೆ ಮುರಿದವು. ಮೂರನೆಯದಕ್ಕೆ ಹಿಂದೆ ತೆಳು ತಗಡು ಇಟ್ಟು, ಅವಸರ ಮಾಡದೆ ಬಗ್ಗಿಸಿದೆ. ಬಂತು.

ನಿಜವಾದ ಪೆಟ್ಟು ಬಿದ್ದದ್ದು ಬೆನ್ನಿಗೆ. ಜುಲೈ ತಿಂಗಳಲ್ಲಿ, ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗ ಬೆನ್ನಿನ ಒಳಬದಿಗೆ ಬಲಕ್ಕೆಂದು ಹಾಕುವ ಅಡ್ಡಪಟ್ಟಿಗಳನ್ನು ಅಂಟಿಸಿದೆ. ಕೆಲಸ ಚೊಕ್ಕವಾಗಿತ್ತು. ಮಾರ್ಚ್ ಬರುವಷ್ಟರಲ್ಲಿ ಉಬ್ಬಿದ್ದ ಬೆನ್ನು ಒಳಕ್ಕೆ ಕುಸಿಯಿತು, ನಡುಜೋಡಣೆಯ ಪಕ್ಕದಲ್ಲೇ ಉದ್ದಕ್ಕೆ ಬಿರುಕು. ಪಕ್ಕದೂರಿನ ಹಿರಿಯ ಬಡಗಿಯೊಬ್ಬರಿಗೆ ತೋರಿಸಿದೆ. ಬೆರಳಲ್ಲಿ ಬಿರುಕು ಸವರಿ, "ಮಳೇಲಿ ಹೊಟ್ಟೆ ತುಂಬ ನೀರು ಕುಡಿದ ಹಲಗೆ ಇದು. ಅದನ್ನ ಕಟ್ಟಿಹಾಕಿದೀಯಲ್ಲ ಮಾರಾಯ, ಒಣಗಿದರೆ ಎಲ್ಲಿಗೆ ಹೋಗಬೇಕು ಅದು?" ಎಂದರು.

ಅವರ ಮಾತು ಸರಿ. ಮರ ಒಣಗಿದಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲ ಅಂದರೂ ಸರಿ. ಬೆನ್ನಿನ ಹಲಗೆ ಕುಗ್ಗಲು ನೋಡುತ್ತದೆ, ಎಳೆ ಅಡ್ಡಕ್ಕೆ ಓಡುವ ಅಡ್ಡಪಟ್ಟಿ ತಾನೂ ಕುಗ್ಗುವುದಿಲ್ಲ, ಹಲಗೆಯನ್ನೂ ಬಿಡುವುದಿಲ್ಲ. ಆಗ ಹಲಗೆ ಸೀಳುತ್ತದೆ. ಒಣಗಿದ್ದಾಗ ಅಂಟಿಸಿದರೆ ಮಳೆಗಾಲದಲ್ಲಿ ಬೆನ್ನು ಒಂಚೂರು ಉಬ್ಬುತ್ತದೆ ಅಷ್ಟೇ. ಉಬ್ಬಿದರೆ ಅಪಾಯವಿಲ್ಲ. ಆವತ್ತಿನಿಂದ ನನ್ನ ನಿಯಮ ಒಂದೇ: ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದರೆ ಮಾತ್ರ ಪಟ್ಟಿಗಳಿಗೆ ಅಂಟು. ಜನವರಿಯ ಮಧ್ಯಾಹ್ನ, ಗಾಳಿಯ ತೇವ ಅಳೆಯುವ ಮೀಟರು ನೂರಕ್ಕೆ 45ರಿಂದ 50 ತೋರಿಸಬೇಕು. ಹೊಸ ಬೆನ್ನನ್ನು ಹಾಗೇ ಮಾಡಿದೆ.

ಮುಂಭಾಗದ ಒಳಪಟ್ಟಿಗಳಲ್ಲೂ ಬೇರೆ ದಾರಿ ಹಿಡಿದೆ. ಉಕ್ಕಿನ ತಂತಿಯ ಗಿಟಾರಿಗೆ ಸಾಮಾನ್ಯವಾಗಿ ಎಕ್ಸ್ ಆಕಾರದ ಪಟ್ಟಿ ಹಾಕುತ್ತಾರೆ, ಅಮೆರಿಕದ ಮಾರ್ಟಿನ್ ಗಿಟಾರುಗಳಲ್ಲಿ 1840ರ ದಶಕದಲ್ಲೇ ಬಂದ ವಿನ್ಯಾಸ ಅದು. ಆಸ್ಟ್ರೇಲಿಯಾದ ಗ್ರೆಗ್ ಸ್ಮಾಲ್‌ಮನ್ ಕ್ಲಾಸಿಕಲ್ ಗಿಟಾರುಗಳಿಗೆ ತೀರಾ ಹಗುರವಾದ ಬಾಲ್ಸಾ ಮರ ಮತ್ತು ಕಾರ್ಬನ್ ಫೈಬರಿನ ಜಾಲರಿ ಹಾಕಿದರು. ಮುಂಭಾಗ ತುಂಬಾ ತೆಳುವಾಗಿದ್ದರೂ ಜಾಲರಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಅವರದು ನೈಲಾನ್ ತಂತಿ, ನನ್ನದು ಉಕ್ಕು. ಆರು ತಂತಿ ಸೇರಿ 70 ಕೆಜಿಗಿಂತ ಜಾಸ್ತಿ ಎಳೆಯುತ್ತವೆ. ಅದಕ್ಕೇ ಬಾಲ್ಸಾ ಬಿಟ್ಟು ಸ್ಪ್ರೂಸ್ ಪಟ್ಟಿಗಳಲ್ಲೇ ಜಾಲರಿ ಹೆಣೆದೆ. ಎರಡೂ ಕಡೆಗೆ ಐದೈದು, 5 ಮಿಮೀ ಅಗಲ. ತಂತಿಗಳನ್ನು ಹಿಡಿದಿಡುವ ಬ್ರಿಡ್ಜಿನ ಕೆಳಗೆ 10 ಮಿಮೀ ಎತ್ತರ, ಅಂಚಿಗೆ ಬರುತ್ತಾ 3.

ಪಟ್ಟಿಗಳು ಒಂದನ್ನೊಂದು ದಾಟುವ ಕಡೆಯೆಲ್ಲ ಎರಡರಲ್ಲೂ ಅರ್ಧರ್ಧ ಕಚ್ಚು ಹಾಕಬೇಕು. ಕಚ್ಚು ಸಡಿಲವಾದರೆ ಜಾಲರಿಗೆ ಬಲವಿಲ್ಲ, ಬಿಗಿಯಾದರೆ ಪಟ್ಟಿ ಸೀಳುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಟಿಕ್ ಎಂದು ಕೂರಬೇಕು. ಇದಕ್ಕೇ ಎಂಟು ದಿನ ಹಿಡಿಯಿತು. ಅಂಟಿಸುವಾಗ ಬಿದಿರಿನ ದಬ್ಬೆಗಳನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಮೇಜಿನ ಮೇಲ್ಗಡೆ ಕಟ್ಟಿದ ಹಲಗೆಗೂ ಪಟ್ಟಿಗೂ ನಡುವೆ ಸಿಕ್ಕಿಸಿದೆ. ಅಷ್ಟೊಂದು ಕ್ಲ್ಯಾಂಪ್ ಎಲ್ಲಿಂದ ತರುವುದು? ನಡುವಿನ ಸಂದುಗಳ ಮೇಲೆ ಅಪ್ಪನ ಹಳೇ ಪಂಚೆಯ ತುಂಡು ಅಂಟಿಸಿದೆ. ಮಾರ್ಟಿನ್‌ನವರೂ ಎಕ್ಸ್ ಕೂಡುವಲ್ಲಿ ಬಟ್ಟೆ ಹಾಕುತ್ತಿದ್ದರು.

ಆಮೇಲೆ ಉಳಿ ಹಿಡಿದು ಕೆತ್ತುವುದು, ತಟ್ಟುವುದು, ಮತ್ತೆ ಕೆತ್ತುವುದು. ಮೊದಲು ಮಣೆ ತಟ್ಟಿದಂತೆ ಟಕ್ ಎನ್ನುತ್ತಿತ್ತು. ಅಂಚಿನ ಪಟ್ಟಿಗಳು ಸಣ್ಣಗಾಗುತ್ತಾ ಬಂದ ಹಾಗೆ ಒಂದು ಉಳಿಯುವ ದನಿ ಹೊರಟಿತು. ಅಲ್ಲಿಗೆ ನಿಲ್ಲಿಸಿದೆ. ಇನ್ನೊಂದು ಸಿಪ್ಪೆ ತೆಗೆಯುವ ಆಸೆ ಇತ್ತು, ಕೈ ತಡೆದುಕೊಂಡೆ.

ತಂತಿ ಕಟ್ಟಿ ಮೀಟಿದಾಗ ದನಿ ಥಟ್ಟನೆ ಎದ್ದು ಬಂತು. ನಡುಸ್ಥಾಯಿ ತುಂಬಾ ಸ್ಪಷ್ಟ, ಮಂದ್ರ ಸ್ವಲ್ಪ ಕಡಿಮೆ. ದೊಡ್ಡ ಬೀಟೆ ಗಿಟಾರಿನ ಗುಂಯ್‌ಗುಡುವಿಕೆ ಇದಕ್ಕಿಲ್ಲ. ಹಾಡಿನ ಜೊತೆ ನುಡಿಸಲು ನನಗೆ ಇದೇ ಹಿತ. ತೆಳು ಮುಂಭಾಗವಾದ್ದರಿಂದ ಹವೆಗೆ ಬೇಗ ಏರಿಳಿಯುತ್ತದೆ. ಮಳೆಗಾಲದಲ್ಲಿ ಮುಂಭಾಗ ಉಬ್ಬಿ ತಂತಿ ಬೆರಳಿಗೆ ಎತ್ತರವಾಗುತ್ತದೆ. ಅದಕ್ಕೇ ಬ್ರಿಡ್ಜಿನ ಮೇಲೆ ಕೂರುವ ಮೂಳೆಯ ಪಟ್ಟಿಯನ್ನು ಎರಡು ಮಾಡಿಟ್ಟಿದ್ದೇನೆ, ಬೇಸಿಗೆಗೆ ಎತ್ತರದ್ದು, ಮಳೆಗೆ ಗಿಡ್ಡದ್ದು. ನಿನ್ನೆ ರಾತ್ರಿ ಮೊದಲ ಮಳೆ ಹಿಡಿಯಿತು. ಬೆಳಗ್ಗೆ ಎದ್ದು ಗಿಡ್ಡದ್ದನ್ನು ಹಾಕಿದೆ.