ಮದಕದ ಹಳೇ ದಂಡೆ: ಸಿಮೆಂಟಿಲ್ಲದೆ ಸೋರಿಕೆ ನಿಲ್ಲಿಸಿದ ನನ್ನ ಅನುಭವ

ಉಡುಪಿ ಕಡೆಯ ಹಿರಿಯಡ್ಕದ ಆಚೆ ಇರುವ ನಮ್ಮ ಮದಕದ (ಮಣ್ಣಿನ ದಂಡೆ ಕಟ್ಟಿ ನೀರು ನಿಲ್ಲಿಸಿದ ಕೆರೆ) ಸೋರುತ್ತಿದ್ದ ದಂಡೆ ರಿಪೇರಿಯಾದ ಮೇಲೆ ಎರಡನೇ ಮಳೆಗಾಲವನ್ನೂ ದಾಟಿತು. ಮಣ್ಣಿಗೆ ಮಣ್ಣೇ ಹಾಕಿದರೆ ದುಡ್ಡು ನೀರುಪಾಲು ಎಂದಿದ್ದವರೆಲ್ಲ ಆಟಿಯ ಜೋರು ಮಳೆಯ ತಿಂಗಳಲ್ಲಿ ಬಂದು ನೋಡಿ ಹೋದರು.

ದಂಡೆ 120 ಅಡಿ ಉದ್ದ ಇದ್ದೀತು, ನಡುವೆ 14 ಅಡಿ ಎತ್ತರ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10 ಮೀಟರ್ ದಾಟಿದವಕ್ಕೆ. ನಮ್ಮಂಥವರ ದಂಡೆ ಅದರಲ್ಲಿ ಬರುವುದೇ ಇಲ್ಲ. ಒಡೆದರೆ ಕೆಳಗಿನ ಮನೆ, ಅಡಿಕೆ ತೋಟದ ಹೊಣೆ ಮಾತ್ರ ನಮ್ಮ ತಲೆಗೆ.

ಅದಕ್ಕೇ ಮೊದಲು ಕಾಗದ ಸರಿ ಮಾಡಿಸಿದೆ. ಪಾಲುಪಟ್ಟಿಯಲ್ಲಿ ನೀರಿಗೆ ನಾಲ್ಕು ಪಾಲಿತ್ತು, ದಂಡೆಯ ಸುದ್ದಿಯೇ ಇರಲಿಲ್ಲ. ಅಳತೆ ಮಾಡಿಸಿದರೆ ದಂಡೆ ವರ್ಗ (ಸ್ವಂತ ಪಟ್ಟಾ) ಜಾಗದಲ್ಲಿ, ಹೆಚ್ಚಾದ ನೀರು ಹೊರಹೋಗುವ ಕೋಡಿಯ ತುದಿ ವರ್ಗಕ್ಕೆ ತಾಗಿದ ಕುಮ್ಕಿಯಲ್ಲಿ. ಕುಮ್ಕಿ ಸರ್ಕಾರದ್ದು, ಹಾಗಾಗಿ ಕೋಡಿಯನ್ನು ವರ್ಗದ ಕಡೆಗೇ ಅಗಲ ಮಾಡಿದೆ. ಖರ್ಚಿನ ಮಾತು ಬಂದಾಗ ಚಿಕ್ಕಪ್ಪ, "ಒಡೆದರೆ ಕೇಸು ಯಾರ ಮೇಲೆ ಮಾರಾಯಾ?" ಎಂದು ಕೇಳಿದರು. ವಕೀಲರು ಈಗಿನ ಆಂಧ್ರದ ಕಾರ್ವೇಟಿನಗರದ 1874ರ ಕೇಸು ಹೇಳಿದರು: ಕೆರೆ ಒಡೆದು ರೈಲ್ವೆಗೆ ನಷ್ಟವಾದರೂ, ಜಮೀನ್ದಾರನ ಉದಾಸೀನ ಸಾಬೀತಾಗದ್ದರಿಂದ ಬ್ರಿಟಿಷರ ಕಾಲದ ಮೇಲಿನ ಕೋರ್ಟಾದ ಪ್ರಿವಿ ಕೌನ್ಸಿಲ್ ಅವನನ್ನು ಹೊಣೆ ಮಾಡಲಿಲ್ಲ. ಉದಾಸೀನ ಮಾಡಿಲ್ಲ ಎಂದು ತೋರಿಸಲು ಅಂದಿನಿಂದ ಪ್ರತಿ ಮಳೆಗಾಲದ ಫೋಟೊ, ಪುಸ್ತಕದಲ್ಲಿ ಬರಹ ಎರಡೂ ಇಡುತ್ತಿದ್ದೇನೆ. ನೀರಿಗೆ ಎಷ್ಟು ಪಾಲೋ ಖರ್ಚಿಗೂ ಅಷ್ಟೇ ಪಾಲು ಎಂದು ಕರಾರು ಬರೆಸಿ ರಿಜಿಸ್ಟ್ರಿ ಮಾಡಿಸಿದೆವು.

ಇದಕ್ಕೂ ಮುಂಚೆ ಹೋದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಬ್ಬ ಕಂಟ್ರಾಕ್ಟರು ಒಳಮೈಗೆ ಸಿಮೆಂಟ್ ಗೋಡೆ ಕಟ್ಟಿ ಒಂದೂವರೆ ಲಕ್ಷ ತೆಗೆದುಕೊಂಡರು. ಒಂದೇ ಮಳೆಗೆ ದಂಡೆ ಕುಸಿದು ಗೋಡೆ ಬಿರುಕು ಬಿಟ್ಟಿತು, ನೀರು ಅದರ ಹಿಂದಿನಿಂದಲೇ ದಾರಿ ಮಾಡಿಕೊಂಡಿತು. ಮತ್ತೆ ಹಾಸಿದ ಸಿಲ್ಪಾಲಿನ್ ಪ್ಲಾಸ್ಟಿಕ್ ಶೀಟು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಮೊನೆಗೆ ಹರಿಯಿತು. 40 ಸಾವಿರ ಹೋಯಿತು.

ಕಳ್ಳ ಇದ್ದದ್ದು ಶೇಡಿ ಮಣ್ಣಿನಲ್ಲಿ. ಬಿಳಿಯಾಗಿ, ನುಣ್ಣಗೆ ಕಾಣುವುದರಿಂದ ನೀರು ತಡೆಯುತ್ತದೆಂದು ನಮ್ಮಲ್ಲಿ ಅನೇಕರು ಅದನ್ನೇ ತುಂಬುತ್ತಾರೆ. ಒಣಗಿದಾಗ ಕಲ್ಲಿನ ಹಾಗಿರುತ್ತದೆ, ನೆನೆದರೆ ಕರಗಿ ಹೋಗುತ್ತದೆ. ನಾನು ಒಂದೊಂದು ಜಾಗದ ಮಣ್ಣನ್ನೂ ಗೋಲಿಯಷ್ಟು ಉಂಡೆ ಮಾಡಿ ಗಾಜಿನ ಲೋಟದ ನೀರಿಗೆ ಬಿಟ್ಟೆ. ಶೇಡಿಯ ಉಂಡೆ ಹತ್ತು ನಿಮಿಷದೊಳಗೆ ಕರಗಿ ನೀರೆಲ್ಲ ಕದಡಿತು. ಬೈಲಿನ ಗದ್ದೆಯ ಜೇಡಿ ಮರುದಿನವೂ ಉಂಡೆಯಾಗಿಯೇ ಇತ್ತು.

ಸುಗ್ಗಿಯಲ್ಲಿ ನೀರು ಇಳಿಸಿ, ದಂಡೆಯ ನಡುವೆ ಉದ್ದಕ್ಕೂ ಗಟ್ಟಿ ಮುರ ಸಿಗುವವರೆಗೆ ಹಿಟಾಚಿಯಲ್ಲಿ ಅಗೆಸಿದೆ. ಹಳೇ ಹಲಸಿನ ಕೊಳೆತ ಬೇರನ್ನು ಬುಡಸಮೇತ ತೆಗೆಸಿದೆ, ಏಡಿ ಮಾಟೆಗಳನ್ನೂ (ಬಿಲ) ಬಿಡಲಿಲ್ಲ. ಆಮೇಲೆ ಅರ್ಧರ್ಧ ಅಡಿಯಂತೆ ಜೇಡಿ ತುಂಬಿಸಿ, ನೀರು ಚಿಮುಕಿಸಿ ರೋಲರ್ ಹೊಡೆಸಿದೆ. ಜೇಡಿಗೆ ಬೆರೆಸಿದ ಇನ್ನೊಂದು ವಸ್ತು, ಅದರ ಅಳತೆ ಇಲ್ಲಿ ಬರೆಯುವುದಿಲ್ಲ. ಸ್ಥಳಕ್ಕೆ ಬಂದವರಿಗೆ ತೋರಿಸುತ್ತೇನೆ.

ಹೊರಗಿನ ಬುಡದಲ್ಲಿ ಮೊದಲು ಹೊಯ್ಗೆ (ಮರಳು), ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು. ಸೋರಿದ ನೀರು ಹೊರಗೆ ಬರಲಿ, ಮಣ್ಣು ಬರಬಾರದು. ತಿಳಿನೀರು ಸೋರಿದರೆ ನಾನು ಹೆದರುವುದಿಲ್ಲ, ಕೆಂಪಾಗಿ ಬಂದರೆ ಆ ರಾತ್ರಿ ನಿದ್ದೆ ಇಲ್ಲ. ಮೊದಲು ಅರ್ಧ ನಿಮಿಷಕ್ಕೆ ತುಂಬುತ್ತಿದ್ದ ಬಕೆಟ್ಟಿಗೆ ಈಗ ಐದಾರು ನಿಮಿಷ ಬೇಕು, ಬರುವುದೂ ತಿಳಿನೀರೇ.

ಹೊರ ಇಳಿಜಾರಿಗೆ ಲಾವಂಚ ನೆಟ್ಟು ನೋಡಿದೆ, ಚೆನ್ನಾಗಿ ಹಿಡಿದಿದೆ. 

ಒಟ್ಟು ಮೂರೂವರೆ ಲಕ್ಷದ ಹತ್ತಿರ ಆಯಿತು, ಹೊಯ್ಗೆಯದ್ದೇ ದೊಡ್ಡ ಬಿಲ್ಲು. ಹಳೇ ಮರದ ತೂಬು ಬದಲಿಸುವುದು ಬಾಕಿ ಇದೆ. ಅದರ ಖರ್ಚಿಗೆ ಚಿಕ್ಕಪ್ಪ ತಮ್ಮ ಪಾಲನ್ನು ಈಗಲೇ ಕೊಟ್ಟಿದ್ದಾರೆ.