ಶ್ವಾಸಕೋಶದ ಶಸ್ತ್ರಚಿಕಿತ್ಸೆಗೆ ಮುನ್ನ: ಉಳಿಯುವ ಉಸಿರಿನ ಲೆಕ್ಕ ಹಾಕುವುದು ಹೇಗೆ?

ಶ್ವಾಸಕೋಶದ ಗಡ್ಡೆಯನ್ನು ಪೂರ್ತಿಯಾಗಿ ತೆಗೆಯಬಹುದು ಎಂದು ಸಿ.ಟಿ. ಸ್ಕ್ಯಾನ್‌ನಿಂದ ಖಚಿತವಾದ ಮೇಲೂ ವೈದ್ಯರ ಮುಂದೆ ದೊಡ್ಡದೊಂದು ಪ್ರಶ್ನೆ ಬಾಕಿ ಇರುತ್ತದೆ. ಗಡ್ಡೆಯೊಂದಿಗೆ ಒಂದು ಹಾಲೆ (ಶ್ವಾಸಕೋಶದ ದೊಡ್ಡ ವಿಭಾಗ) ಅಥವಾ ಒಂದು ಬದಿಯ ಇಡೀ ಶ್ವಾಸಕೋಶ ಹೋದ ಬಳಿಕ ಉಳಿದದ್ದು ರೋಗಿಯ ಉಸಿರಾಟಕ್ಕೆ ಸಾಕಾಗುತ್ತದೆಯೇ? ಹೃದಯದ ತಪಾಸಣೆ ಮುಗಿದ ನಂತರ ಈ ಪ್ರಶ್ನೆಗೆ ಹಂತಹಂತವಾಗಿ ಉತ್ತರ ಹುಡುಕಲಾಗುತ್ತದೆ.

ಮೊದಲನೆಯದು ಸ್ಪೈರೋಮೆಟ್ರಿ. ರೋಗಿ ನೇರವಾಗಿ ಕುಳಿತು, ಮೂಗಿಗೆ ಕ್ಲಿಪ್ ಹಾಕಿಕೊಂಡು, ಎದೆತುಂಬ ಉಸಿರೆಳೆದು, ಕೊಳವೆಯೊಳಗೆ ಒಂದೇ ರಭಸದಲ್ಲಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯ ಪ್ರಮಾಣವೇ ಎಫ್‌ಇವಿ1. ಸರಿಯಾಗಿ ಊದಿದ ಮೂರು ಪ್ರಯತ್ನಗಳಾದರೂ ಬೇಕು. ಶ್ವಾಸನಾಳಗಳನ್ನು ಹಿಗ್ಗಿಸುವ ಔಷಧ ಕೊಟ್ಟ ನಂತರದ ಫಲಿತಾಂಶವನ್ನು ಪರಿಗಣಿಸುವುದು ಒಳ್ಳೆಯದು. ಅರೆಮನಸ್ಸಿನಿಂದ ಊದಿದ ಪರೀಕ್ಷೆಯ ಅಂಕಿಯನ್ನು ನಂಬಿ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುವುದು ರೋಗಿಗೆ ಮಾಡುವ ಅನ್ಯಾಯವೇ ಸರಿ.

ಗಾಳಿ ಒಳಹೊರಗೆ ಹೋಗಿಬಂದರೆ ಸಾಲದು, ಆಮ್ಲಜನಕ ರಕ್ತಕ್ಕೆ ದಾಟಬೇಕು. ಅದನ್ನು ಅಳೆಯಲು ಅತ್ಯಲ್ಪ ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿಯನ್ನು ಎಳೆದುಕೊಂಡು ಸುಮಾರು 10 ಸೆಕೆಂಡು ಉಸಿರು ಹಿಡಿಯಲು ಹೇಳುತ್ತಾರೆ. ಅದರಲ್ಲಿ ಎಷ್ಟು ರಕ್ತಕ್ಕೆ ದಾಟಿತು ಎಂದು ನೋಡುವ ಇದು ಡಿಎಲ್‌ಸಿಒ ಪರೀಕ್ಷೆ. ಎಫ್‌ಇವಿ1 ಚೆನ್ನಾಗಿದ್ದವರಲ್ಲೂ ಇದು ಕುಸಿದಿರಬಹುದಾದ್ದರಿಂದ ಎರಡನ್ನೂ ಮಾಡಿಸಬೇಕು. ರಕ್ತಹೀನತೆ ಇದ್ದರೆ ಅಂಕಿ ಕಡಿಮೆ ಬರುತ್ತದೆ. ಆದ್ದರಿಂದ ಹಿಮೋಗ್ಲೋಬಿನ್ ಮಟ್ಟಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು.

ಮುಂದಿನದು ಲೆಕ್ಕ. ಎರಡೂ ಶ್ವಾಸಕೋಶಗಳಲ್ಲಿ ಒಟ್ಟು 19 ಖಂಡಗಳಿವೆ (ಹಾಲೆಗಳೊಳಗಿನ ಸಣ್ಣ ಭಾಗಗಳು) ಎಂದು ಇಟ್ಟುಕೊಳ್ಳುತ್ತಾರೆ: ಬಲಕ್ಕೆ 10, ಎಡಕ್ಕೆ 9. ಬಲ ಮೇಲಿನ ಹಾಲೆಯಲ್ಲಿ 3 ಖಂಡಗಳಿರುವುದರಿಂದ ಅದನ್ನು ತೆಗೆದರೆ 19ರಲ್ಲಿ 16 ಭಾಗ ಉಳಿಯುತ್ತದೆ. ಈಗಿನ ಎಫ್‌ಇವಿ1, ಅದೇ ವಯಸ್ಸು, ಎತ್ತರದ ಆರೋಗ್ಯವಂತರಲ್ಲಿ ನಿರೀಕ್ಷಿತ ಮಟ್ಟದ ಶೇ 80 ಇದ್ದರೆ, ನಂತರ ಸುಮಾರು ಶೇ 67 ಉಳಿದೀತು. ಡಿಎಲ್‌ಸಿಒಗೂ ಇದೇ ಲೆಕ್ಕ.

ಆದರೆ ಎಲ್ಲ ಖಂಡಗಳೂ ಸಮನಾಗಿ ದುಡಿಯುತ್ತಿವೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಗಡ್ಡೆ ರಕ್ತನಾಳವನ್ನು ಒತ್ತಿದ್ದರೆ ಆ ಭಾಗಕ್ಕೆ ರಕ್ತ ಹರಿಯುವುದಿಲ್ಲ. ಶ್ವಾಸನಾಳವನ್ನು ಮುಚ್ಚಿದ್ದರೂ ಅಷ್ಟೇ, ಏಕೆಂದರೆ ಆಮ್ಲಜನಕ ಸಿಗದ ಭಾಗದ ರಕ್ತನಾಳಗಳು ತಾವಾಗಿಯೇ ಸಂಕುಚಿತಗೊಂಡು ರಕ್ತವನ್ನು ಗಾಳಿಯಾಡುವ ಕಡೆಗೆ ಕಳಿಸುತ್ತವೆ. ಹೀಗಾಗಿ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂಬುದಕ್ಕೆ ರಕ್ತದ ಹರಿವೇ ನಂಬಬಹುದಾದ ಸಾಕ್ಷಿ. ಇಡೀ ಒಂದು ಬದಿಯನ್ನು ತೆಗೆಯುವ ಯೋಚನೆ ಇದ್ದಾಗ, ಈ ರಕ್ತದ ಹರಿವನ್ನು ತೋರಿಸುವ ಪರ್ಫ್ಯೂಷನ್ ಸ್ಕ್ಯಾನ್ ಮಾಡಿಸದೆ ಮುಂದುವರಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸ್ಕ್ಯಾನ್‌ನಲ್ಲಿ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವನ್ನು ಅಂಟಿಸಿದ ಅಲ್ಬುಮಿನ್ ಪ್ರೋಟೀನ್‌ನ ಸೂಕ್ಷ್ಮ ಕಣಗಳನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಅವು ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ಅತಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಾವಿರದಲ್ಲೊಂದರಷ್ಟು ನಾಳಗಳೂ ಮುಚ್ಚದ ಕಾರಣ ರೋಗಿಗೆ ಸಾಮಾನ್ಯವಾಗಿ ತೊಂದರೆಯಾಗದು. ಶ್ವಾಸಕೋಶದ ರಕ್ತದೊತ್ತಡ ತೀವ್ರವಾಗಿರುವಂಥವರಿಗೆ ಕಣಗಳ ಸಂಖ್ಯೆಯನ್ನು ತಗ್ಗಿಸುತ್ತಾರೆ. ಇಲ್ಲಿ ಮುಖ್ಯವಾದದ್ದು ಕೈಚಳಕ. ಕಣಗಳು ತಳಕ್ಕೆ ಕೂರುವುದರಿಂದ ಸಿರಿಂಜನ್ನು ಚುಚ್ಚುವ ಮುನ್ನ ಮೆಲ್ಲಗೆ ಅಲುಗಿಸಬೇಕು. ರಕ್ತವನ್ನು ಸಿರಿಂಜಿನೊಳಕ್ಕೆ ಎಳೆಯಬಾರದು. ಎಳೆದರೆ ಕಣಗಳು ಹೆಪ್ಪುಗಟ್ಟಿ, ಚಿತ್ರದಲ್ಲಿ ಇಲ್ಲದ ಕಲೆಗಳು ಮೂಡುತ್ತವೆ. ರೋಗಿ ಅಂಗಾತ ಮಲಗಿರಬೇಕು, ಏಕೆಂದರೆ ಕುಳಿತಾಗ ರಕ್ತ ಶ್ವಾಸಕೋಶದ ಕೆಳಭಾಗಕ್ಕೆ ಹೆಚ್ಚು ಇಳಿಯುತ್ತದೆ. ಬಳಿಕ ಕಣಗಳಿಂದ ಹೊಮ್ಮುವ ವಿಕಿರಣವನ್ನು ಗುರುತಿಸುವ ಗಾಮಾ ಕ್ಯಾಮೆರಾ ಮುಂದಿನಿಂದಲೂ ಹಿಂದಿನಿಂದಲೂ ಚಿತ್ರ ತೆಗೆದು, ಪ್ರತಿ ಬದಿಯ ಪಾಲನ್ನು ಶೇಕಡಾವಾರು ಕೊಡುತ್ತದೆ.

ಉದಾಹರಣೆಗೆ, ಎಫ್‌ಇವಿ1 ಶೇ 64 ಇರುವವರ ಬಲ ಶ್ವಾಸಕೋಶವನ್ನು ತೆಗೆಯಬೇಕಾಗಿದೆ ಎನ್ನೋಣ. ಸಾಮಾನ್ಯವಾಗಿ ಬಲಕ್ಕೆ ಸುಮಾರು ಶೇ 55ರಷ್ಟು ರಕ್ತ ಹರಿಯುತ್ತದೆ. ಆ ಪ್ರಕಾರ ಉಳಿಯುವುದು ಶೇ 29, ಬಹಳ ಅಪಾಯದ ಮಟ್ಟ. ಆದರೆ ಸ್ಕ್ಯಾನ್ ಬಲಕ್ಕೆ ಹೋಗುತ್ತಿರುವುದು ಶೇ 25 ಮಾತ್ರ ಎಂದು ತೋರಿಸಿದರೆ, ಉಳಿಯುವುದು ಶೇ 48. ಅದೇ ರೋಗಿ, ಅದೇ ಗಡ್ಡೆ, ತೀರ್ಮಾನ ಬೇರೆ.

ಹೀಗೆ ಲೆಕ್ಕ ಹಾಕಿದ ಎಫ್‌ಇವಿ1 ಮತ್ತು ಡಿಎಲ್‌ಸಿಒ ಎರಡೂ ಶೇ 60ಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಪರೀಕ್ಷೆ ಬೇಕಾಗುವುದಿಲ್ಲ. ಯಾವುದಾದರೂ ಒಂದು ಶೇ 30ರಿಂದ 60ರೊಳಗಿದ್ದು, ಇನ್ನೊಂದೂ ಶೇ 30ಕ್ಕಿಂತ ಇಳಿಯದಿದ್ದರೆ ಮೆಟ್ಟಿಲು ಹತ್ತಿಸಿ ನೋಡಬಹುದು. 22 ಮೀಟರ್‌ಗಿಂತ ಎತ್ತರ ಹತ್ತಬಲ್ಲವರಿಗೆ ಅಪಾಯ ಕಡಿಮೆ. ಅಷ್ಟು ಆಗದವರಿಗೆ, ಹಾಗೂ ಯಾವುದಾದರೂ ಒಂದು ಅಂಕಿ ಶೇ 30ಕ್ಕಿಂತ ಕೆಳಗಿರುವವರಿಗೆ, ಸೈಕಲ್ ತುಳಿಸಿ ದೇಹ ಬಳಸುವ ಗರಿಷ್ಠ ಆಮ್ಲಜನಕವನ್ನು ಅಳೆಯುತ್ತಾರೆ. ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 20 ಮಿಲಿಲೀಟರ್‌ಗಿಂತ ಹೆಚ್ಚು ಬಂದರೆ ನಿಶ್ಚಿಂತೆಯಿಂದ ಮುಂದುವರಿಯಬಹುದು. 10ಕ್ಕಿಂತ ಕಡಿಮೆ ಬಂದರೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟು, ಗಡ್ಡೆಯಿರುವ ಖಂಡವನ್ನಷ್ಟೇ ತೆಗೆಯುವುದು ಅಥವಾ ಗಡ್ಡೆಗೆ ಗುರಿಯಿಟ್ಟು ವಿಕಿರಣ ಕೊಡುವುದು ಸಾಧ್ಯವೇ ಎಂದು ರೋಗಿಯೊಂದಿಗೆ ಕುಳಿತು ಚರ್ಚಿಸಬೇಕು.