24 ಮಶೀನಿಗೆ ಗೋ ಹಾಕಿದ ಸ್ಕ್ರಿಪ್ಟ್

ನಮ್ಮ ಲ್ಯಾಬಿನಲ್ಲಿ 24 ಮಶೀನುಗಳಿವೆ, ಎಲ್ಲದರಲ್ಲೂ ಉಬುಂಟು ಲಿನಕ್ಸ್ 22.04. ಹಿಂದಿನ ಬ್ಯಾಚಿಗೆ ನಾನೇ ಒಂದೊಂದರ ಮುಂದೆ ಕೂತು ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 1.20 ವರ್ಷನ್ ಹಾಕಿದ್ದೆ. ಈ ಸಲ ಅದು ಸಾಲದು. ಮಿನ್, ಮ್ಯಾಕ್ಸ್ ಫಂಕ್ಷನ್‌ಗಳು ಭಾಷೆಯೊಳಗೇ ಬಂದದ್ದು 2023ರ ಆಗಸ್ಟಿನಲ್ಲಿ, 1.21ರ ಜೊತೆ. ಹತ್ತು ಸಲ ಸುತ್ತಲು 'ರೇಂಜ್ 10' ಅಂದರೆ ಸಾಕು ಅನ್ನುವ ಸೌಕರ್ಯ 1.22ರದು. ಉಬುಂಟುಗೆ ಸಾಫ್ಟ್‌ವೇರ್ ತಂದು ಹಾಕುವ ಆಪ್ಟ್‌ನಲ್ಲಿ ಸುಮ್ನೆ ಗೋ ಕೇಳಿದರೆ ಈ ಉಬುಂಟು ಕೊಡುವುದು 1.18, ಇನ್ನೂ ಹಳೆಯದು. ಹಾಗಾಗಿ ಗೋ ತಂಡದವರೇ ಕೊಡುವ ಟಾರ್ ಫೈಲ್ (ಹಲವು ಫೈಲುಗಳನ್ನು ಒಂದರಲ್ಲೇ ಕಟ್ಟಿಟ್ಟದ್ದು) ಇಳಿಸಿ ಹಾಕಲು ಒಂದು ಬ್ಯಾಶ್ ಸ್ಕ್ರಿಪ್ಟ್, ಅಂದರೆ ಸಾಲಾಗಿ ಓಡುವ ಕಮಾಂಡುಗಳ ಫೈಲ್, ಬರೆದೆ.

ಮೊದಲ ಸ್ಕ್ರಿಪ್ಟ್ ನಾಲ್ಕೇ ಸಾಲು. ಡೌನ್‌ಲೋಡ್ ಮಾಡುವ ಕರ್ಲ್ ಕಮಾಂಡಿನಿಂದ ಇಳಿಸು, ಹಳೆಯ ಗೋ ಅಳಿಸು, ಟಾರ್ ಬಿಚ್ಚು, ಲಾಗಿನ್ ಆಗುವಾಗ ಓದುವ ಪ್ರೊಫೈಲ್ ಫೈಲಿನ ಕೊನೆಗೆ ಪಾತ್ (ಗೋ ಎಲ್ಲಿದೆ ಅಂತ ಮಶೀನಿಗೆ ಹೇಳುವ ಸಾಲು) ಸೇರಿಸು. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿತು. ಲ್ಯಾಬಿನ ಮೂರು ಮಶೀನುಗಳಲ್ಲಿ ಮಾತ್ರ 'ಇದು ಜಿಜಿಪ್ (ಒತ್ತಿ ಚಿಕ್ಕದು ಮಾಡಿದ) ಫೈಲಲ್ಲ' ಅಂತ ಟಾರ್ ನಿಂತುಬಿಟ್ಟಿತು. ಫೈಲ್ ತೆರೆದರೆ ಒಳಗಿದ್ದದ್ದು ಎಚ್‌ಟಿಎಂಎಲ್! ನಮಗೂ ಇಂಟರ್ನೆಟ್ಟಿಗೂ ನಡುವೆ ಇರುವ ಪ್ರಾಕ್ಸಿ ಸರ್ವರ್ ಕೊಟ್ಟ 503 ಎರರ್ ಪುಟ. ಮೈನಸ್ ಎಫ್ ಅಂತ ಹೇಳದಿದ್ದರೆ ಕರ್ಲ್ ಅಂಥ ಪುಟವನ್ನೂ ಫೈಲಿಗೆ ಬರೆದು, ಕೆಲಸ ಆಯ್ತು ಅನ್ನುತ್ತದೆ. ಅಷ್ಟರಲ್ಲಿ 1.20 ಅಳಿಸಿಹೋಗಿತ್ತು. ಹೊಸದೂ ಇಲ್ಲ, ಹಳೆಯದೂ ಇಲ್ಲ. ಮರುದಿನ ಬೆಳಿಗ್ಗೆ ಪ್ರಾಕ್ಟಿಕಲ್ ಬೇರೆ.

ಆ ರಾತ್ರಿ ಕೂತು ಕ್ರಮವನ್ನೇ ತಿರುಗಿಸಿದೆ. ಅಳಿಸುವ ಕೆಲಸ ಎಲ್ಲಕ್ಕಿಂತ ಕೊನೆಗೆ. ಮೊದಲು ಇಳಿಸುವುದು. ಆಮೇಲೆ ಎಸ್‌ಎಚ್‌ಎ256 ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ತಾಳೆ ನೋಡುವುದು. ಗೋ ಡೌನ್‌ಲೋಡ್ ಪುಟದಲ್ಲಿ ಪ್ರತಿ ಫೈಲಿನ ಎದುರಿಗೂ ಅದು ಇರುತ್ತದೆ. ತಾಳೆಯಾದರೆ ಮಾತ್ರ ಬಿಚ್ಚುವುದು, ಅದೂ ಬೇರೆ ಫೋಲ್ಡರಿನಲ್ಲಿ. ಅಲ್ಲಿಂದಲೇ ಹೊಸ ಗೋವನ್ನು ಓಡಿಸಿ ವರ್ಷನ್ ಕೇಳುವುದು. ಉತ್ತರ ಸರಿಯಿದ್ದರೆ ಹಳೆಯದನ್ನು ಪಕ್ಕಕ್ಕೆ ಸರಿಸಿ ಹೊಸದನ್ನು ಆ ಜಾಗಕ್ಕೆ ತರುವುದು.

ಆ ಬೇರೆ ಫೋಲ್ಡರನ್ನು ತಾತ್ಕಾಲಿಕ ಫೈಲುಗಳ ಟೆಂಪ್‌ನಲ್ಲಿ ಮಾಡಬೇಡಿ, ಗೋ ಇರುವ ಯುಎಸ್‌ಆರ್ ಲೋಕಲ್ ಒಳಗೇ ಮಾಡಿ. ಟೆಂಪ್ ಬೇರೆ ಪಾರ್ಟಿಷನ್ (ಡಿಸ್ಕಿನ ಬೇರೆ ಭಾಗ) ಆಗಿದ್ದರೆ ಮೂವ್ ಅಂದರೆ ಸಾವಿರಾರು ಫೈಲುಗಳ ಕಾಪಿ. ನಡುವೆ ಕರೆಂಟ್ ಹೋದರೆ ಅರ್ಧ ಗೋ ಉಳಿಯುತ್ತದೆ. ಒಂದೇ ಪಾರ್ಟಿಷನ್ ಆದರೆ ಬರೀ ಹೆಸರು ಬದಲಾಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಹಳೆಯದರ ಮೇಲೆಯೇ ಬಿಚ್ಚಿದರೆ ಆಗಲ್ವಾ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ, ಆದರೆ ಆಗಲ್ಲ. ಹೊಸ ವರ್ಷನ್ ಕೈಬಿಟ್ಟ ಹಳೆಯ ಫೈಲುಗಳು ಅಲ್ಲೇ ಉಳಿಯುತ್ತವೆ. ಒಂದೇ ಹೆಸರು ಎರಡು ಕಡೆ ಇದೆ ಅಂತ ಗೋದ ಸ್ವಂತ ಲೈಬ್ರರಿಯೇ ಕಂಪೈಲ್ ಆಗದೆ ನಿಲ್ಲಬಹುದು.

ಪಾತ್ ವಿಷಯ ಚಿಕ್ಕದು. ಆರು ಸಲ ಸ್ಕ್ರಿಪ್ಟ್ ಓಡಿಸಿದ ಮಶೀನಿನಲ್ಲಿ ಅದೇ ಸಾಲು ಆರು ಸಲ ಸೇರಿತ್ತು. ಈಗ ಇಟಿಸಿಯ ಪ್ರೊಫೈಲ್ ಡಾಟ್ ಡಿ ಒಳಗೆ ಗೋಗೇ ಒಂದು ಪುಟ್ಟ ಫೈಲ್ ಇಟ್ಟು, ಪ್ರತಿ ಸಲ ಅದನ್ನೇ ಹೊಸದಾಗಿ ಬರೆಯುತ್ತೇನೆ. ಲಾಗಿನ್ ಆಗುವಾಗ ಓದುವ ಫೈಲ್ ಅದು, ಹಾಗಾಗಿ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು.

ಇನ್ನೊಂದು ಗಂಟು ಚಿಪ್‌ನ ಹೆಸರಿನದು. ಮಶೀನಿನ ಚಿಪ್ ಯಾವ ಬಗೆ ಅಂತ ಹೇಳುವ ಯುನೇಮ್ ಕಮಾಂಡ್ ಎಕ್ಸ್86_64 ಅನ್ನುತ್ತದೆ, ಗೋ ಅದನ್ನೇ ಎಎಂಡಿ64 ಅನ್ನುತ್ತದೆ, ಇಂಟೆಲ್ ಚಿಪ್ ಇದ್ದರೂ. ಮೂಲೆಯಲ್ಲಿದ್ದ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ತನ್ನನ್ನು ಎಎಆರ್‌ಸಿಎಚ್64 ಅಂತ ಹೇಳಿಕೊಂಡಿತು, ಗೋಗೆ ಅದು ಎಆರ್‌ಎಂ64. ಯಾವ ಹೆಸರಿಗೆ ಯಾವುದು ಅಂತ ಇವೆರಡನ್ನು ಸ್ಕ್ರಿಪ್ಟಿನ ಕೇಸ್‌ನಲ್ಲಿ ಬರೆದೆ. ಬೇರೆ ಹೆಸರು ಬಂದರೆ ಸ್ಕ್ರಿಪ್ಟ್ ಊಹೆ ಮಾಡುವುದಿಲ್ಲ, ಅಲ್ಲೇ ನಿಲ್ಲುತ್ತದೆ.

ಫೈಲ್ ಸುಮಾರು 70 ಎಂಬಿ. 24 ಕಡೆ ಇಳಿಸುವ ಬದಲು ಒಂದೇ ಸಲ ಇಳಿಸಿ, ನೆಟ್‌ವರ್ಕ್ ಮೂಲಕ ಫೈಲ್ ಕಾಪಿ ಮಾಡುವ ಎಸ್‌ಸಿಪಿಯಿಂದ ಹಂಚಿದೆ. ಬೆಳಿಗ್ಗೆ ಎಂಟಕ್ಕೆ ಎಲ್ಲ ಮಶೀನುಗಳಲ್ಲೂ ವರ್ಷನ್ ಒಂದೇ ಬಂತು. ಆದರೂ ಬೇಕೆಂದೇ ಇನ್ನೊಮ್ಮೆ ಸ್ಕ್ರಿಪ್ಟ್ ಓಡಿಸಿದೆ. 'ಇದೇ ವರ್ಷನ್ ಆಗಲೇ ಇದೆ' ಅಂತ ಹೇಳಿ, ಏನನ್ನೂ ಮುಟ್ಟದೆ ಹೊರಬಂತು.